ಟೈಲರ್ ಅಂಗಡಿಯ ಇಂಗ್ಲಿಷು

ಹಾಲ್ ತುಂಬಾ ಜನ ಕೈ ಎತ್ತಿದರು. ನಾನೊಬ್ಬಳು ಎತ್ತಲಿಲ್ಲ.

ಇದು ನಡೆದದ್ದು ಹೋದ ತಿಂಗಳು, ಮದರಾಸಿನಲ್ಲಿ. ನಡುವೆ ಒಂದು ವಾರ ಈ ಅಂಕಣ ಯಾಕೆ ಬರಲಿಲ್ಲ ಎಂದು ಕಾರ್ಡು ಬರೆದು ಜಗಳಕ್ಕೆ ಬಂದ ಓದುಗರೇ, ಇಗೋ ಕಾರಣ. ನಾನು ಇಂಗ್ಲಿಷ್ ಪರೀಕ್ಷೆಗೆ ಹೋಗಿದ್ದೆ. (ನಗಬೇಡಿ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವಳಿಗೂ ಪರೀಕ್ಷೆ ಎಂದರೆ ಭಯವೇ.)

ವಿಷಯ ಇಷ್ಟು. ಅಡಿಕೆಯ ಕೊಳೆರೋಗದ ಮೇಲೆ ಸಂಶೋಧನೆ ಮಾಡಲು ಇಂಗ್ಲೆಂಡಿನ ಒಂದು ಯೂನಿವರ್ಸಿಟಿ ನನಗೆ ಸೀಟು ಕೊಟ್ಟಿತ್ತು. ಸ್ಕಾಲರ್‌ಶಿಪ್ಪೂ ಸಿಕ್ಕಿತ್ತು. ಆದರೆ ಒಂದು ಷರತ್ತು. ನಿನಗೆ ಇಂಗ್ಲಿಷ್ ಬರುತ್ತದೆ ಎಂದು ಈ ತಿಂಗಳ ಕೊನೆಯೊಳಗೆ ತೋರಿಸು, ಇಲ್ಲದಿದ್ದರೆ ಸೀಟು ಬೇರೆಯವರಿಗೆ. ಓದುವುದು, ಬರೆಯುವುದು ಹೇಗೋ ಆದೀತು. ಟೇಪ್ ರೆಕಾರ್ಡರಿನಲ್ಲಿ ಇಂಗ್ಲೆಂಡಿನವರು ಮಾತಾಡಿದ್ದನ್ನು ಕೇಳಿ ಉತ್ತರ ಬೇರೆ ಬರೆಯಬೇಕಂತೆ. ಹೈಸ್ಕೂಲು ಮುಗಿಯುವವರೆಗೂ ಕೊಪ್ಪದಲ್ಲಿ ಕನ್ನಡದಲ್ಲೇ ಓದಿದ ನಾನು ಅವರ ಎದುರು ಕೂತು ಮಾತು ಕೇಳಿದ್ದು ಯಾವಾಗ?

ಹಾಲ್‌ನಲ್ಲಿ ಸುತ್ತಮುತ್ತ ಕಾನ್ವೆಂಟಿನ ಮಂದಿ. ರಬ್ಬರ್ ಕಡ ಕೇಳುವುದೂ ಇಂಗ್ಲಿಷಿನಲ್ಲೇ. ನಾನು ಚೂಪಾಗಿದ್ದ ಪೆನ್ಸಿಲನ್ನೇ ಮತ್ತೆ ಚೂಪು ಮಾಡುತ್ತಾ ಕೂತೆ.

ಟೇಪ್ ಹಾಕಿದರು. ಗೊರಗೊರ ಸದ್ದು. ಮೇಲಿನಿಂದ ಫ್ಯಾನಿನ ಗಲಾಟೆ. ದನಿ ಹತ್ತಿರ ಬರುತ್ತದೆ, ದೂರ ಹೋಗುತ್ತದೆ, ನಡುವೆ ಪೂರ್ತಿ ಮುಳುಗುತ್ತದೆ. ಮುಗಿದದ್ದೇ ತಡ, ಎಲ್ಲರೂ ಮೇಲ್ವಿಚಾರಕರ ಮೇಲೆ ಮುಗಿಬಿದ್ದರು. ಏನೂ ಕೇಳಿಸಲಿಲ್ಲ, ಇದು ಅನ್ಯಾಯ ಎಂದರು. ಪಾಪ, ಅವರು ಒಂದು ದಾರಿ ಹುಡುಕಿದರು. ಕೇಳಿಸದವರು ಕೈ ಎತ್ತಲಿ, ಎರಡು ತಿಂಗಳ ಮೇಲೆ ಮತ್ತೆ ಬರೆಯಲಿ. ಉಳಿದವರು ಉತ್ತರ ಕೊಟ್ಟು ಹೋಗಬಹುದು.

ಎರಡು ತಿಂಗಳೆಂದರೆ ನನ್ನ ಸೀಟು ಹೋದ ಹಾಗೆಯೇ. ಆದರೆ ನಾನು ಕೈ ಎತ್ತದಿದ್ದುದಕ್ಕೆ ಕಾರಣ ಬೇರೆ. ನನಗೆ ಕೇಳಿಸಿತ್ತು!

ಹೇಗೆ ಅಂತೀರಾ? ಕೊಪ್ಪದ ಪೇಟೆಯಲ್ಲಿ ನಮ್ಮ ಅಬ್ಬಾನ ಟೈಲರ್ ಅಂಗಡಿ. ಅಲ್ಲೊಂದು ಹಳೇ ರೇಡಿಯೋ. ಟೆಸ್ಟ್ ಮ್ಯಾಚ್ ಇದ್ದರೆ ಅಳತೆ ಕೊಡಲು ಬಂದವರೂ ಅಲ್ಲೇ ಠಿಕಾಣಿ. ಕಾಮೆಂಟ್ರಿ ಸ್ವಲ್ಪ ಹೊತ್ತು ಹಿಂದಿ, ಸ್ವಲ್ಪ ಹೊತ್ತು ಇಂಗ್ಲಿಷು. ನಮ್ಮದು ಮನೆಯಲ್ಲಿ ಉರ್ದು, ಹಾಗಾಗಿ ಹಿಂದಿಯದು ಅಬ್ಬಾನ ಪಾಲು. ಅಂಗಿಗೆ ಕಾಜಾ ಹಾಕುತ್ತಲೇ ಕನ್ನಡದಲ್ಲಿ ಹೇಳಿಬಿಡುತ್ತಿದ್ದರು. ಇಂಗ್ಲಿಷ್ ಶುರುವಾಯಿತೋ, ಎಲ್ಲರ ಕತ್ತು ನನ್ನ ಕಡೆ ತಿರುಗುತ್ತಿತ್ತು. ಅಂಗಡಿಯಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ತಾನೆ?

ಹೊಲಿಗೆ ಮೆಷಿನ್ನಿನ ಕಟಕಟ, ರೇಡಿಯೋದ ಗೊರಗೊರ, ಇವೆರಡರ ನಡುವೆ ಇಂಗ್ಲಿಷು. ತಡ ಮಾಡುವಂತಿಲ್ಲ, ತಪ್ಪು ಹೇಳುವಂತಿಲ್ಲ. ಒಮ್ಮೆ ನಾನು ಔಟ್ ಮಾಡಿ ಕಳಿಸಿದವನು ಮುಂದಿನ ಓವರಿನಲ್ಲಿ ಫೋರ್ ಹೊಡೆದ! ಆಗ ಭಂಡಿಗಡಿಯ ನಾಗಣ್ಣ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. (ನಾಗಣ್ಣ ತೋಟಗಳಲ್ಲಿ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರು. ಮ್ಯಾಚ್ ಇದ್ದ ದಿನ ಯಾವ ಮರವನ್ನೂ ಹತ್ತುವುದಿಲ್ಲ.) ಇನ್ನೊಮ್ಮೆ ಗೊರಗೊರದಲ್ಲಿ ಮಾತು ತಪ್ಪಿಹೋಗಿ ನಾನು ಅಳುಮುಖ ಮಾಡಿದಾಗ ದಾರಿ ತೋರಿಸಿದವರೂ ಅವರೇ.

“ಹೋದ್ದು ಹೋಯ್ತು ಮಾರಾಯ್ತಿ. ಅದ್ರ ಹಿಂದೆ ಹೋಗ್ಬೇಡ. ಅವ ಮತ್ತೆ ಸ್ಕೋರ್ ಹೇಳ್ತಾನೆ, ಆಗ ಹಿಡ್ಕೊ.”

ಮದರಾಸಿನಲ್ಲಿ ನಾನು ಮಾಡಿದ್ದು ಅಷ್ಟೇ. ಟೇಪಿನಲ್ಲಿ ಒಬ್ಬ ಹೆಂಗಸು ರೈಲು ಎಷ್ಟು ಹೊತ್ತಿಗೆ ಎಂದು ಹೇಳಿದಳು, ಕೇಳಿಸಲಿಲ್ಲ. ಬಿಟ್ಟೆ. ಅವಳ ಗಂಡ ಅದನ್ನೇ ತಿರುಗಿ ಕೇಳಿ ಖಾತ್ರಿ ಮಾಡಿಕೊಂಡ. ಹಿಡಿದುಕೊಂಡೆ. ಪಕ್ಕದವರು ಆ ರೈಲಿನ ಹಿಂದೆಯೇ ಓಡಿ ಉಳಿದದ್ದನ್ನೆಲ್ಲ ಕಳೆದುಕೊಂಡಿದ್ದರು. ಮಕ್ಕಳು ಇಂಗ್ಲಿಷ್ ಕಲಿಯಲಿ ಎಂದು ನಾವು ದೊಡ್ಡ ಊರು, ದೊಡ್ಡ ಸ್ಕೂಲು, ಸದ್ದಿಲ್ಲದ ಕ್ಲಾಸು ಹುಡುಕುತ್ತೇವೆ. ಜಗತ್ತು ಯಾವತ್ತಾದರೂ ಸದ್ದಿಲ್ಲದ ಕಡೆ ನಿಂತು ನಮ್ಮ ಹತ್ತಿರ ಮಾತಾಡಿದ್ದುಂಟೆ?

ಮೊನ್ನೆ ಫಲಿತಾಂಶ ಬಂತು. ಪಾಸು! ಅದೂ ಕೇಳಿ ಬರೆಯುವ ಭಾಗದಲ್ಲೇ ಎಲ್ಲಕ್ಕಿಂತ ಹೆಚ್ಚು ಅಂಕ. ಯೂನಿವರ್ಸಿಟಿಗೆ ತಂತಿ ಕೊಟ್ಟದ್ದಾಯಿತು, ಸೀಟು ನನ್ನದೇ ಎಂದು ಉತ್ತರವೂ ಬಂತು. ಸುಳ್ಳು ಯಾಕೆ ಹೇಳಲಿ, ಪೋಸ್ಟಾಫೀಸಿನಿಂದ ಅಂಗಡಿಯವರೆಗೆ ಓಡಿದೆ. ಕಾಲೇಜಿನ ಹುಡುಗರು ನೋಡಿದರೆ ನೋಡಿಕೊಳ್ಳಲಿ.

ಅಬ್ಬಾ ಕತ್ತಿನಲ್ಲಿದ್ದ ಅಳತೆ ಟೇಪು ಸಮೇತ ಬೀದಿಗಿಳಿದು, ಎದುರಿನ ಹೋಟೆಲಿಗೆ ಕೂಗಿ ಎಲ್ಲರಿಗೂ ಚಹಾ ಹೇಳಿದರು. ಇನ್ನೇನು ನನ್ನನ್ನು ಹೊಗಳುತ್ತಾರೆ ಎಂದು ನಾನು ಸೆರಗು ಸರಿ ಮಾಡಿಕೊಂಡು ನಿಂತೆ. ನಾಗಣ್ಣ ಒಂದು ಗುಟುಕು ಚಹಾ ಕುಡಿದು, ಅಂಗಡಿಯಲ್ಲಿದ್ದವರನ್ನೆಲ್ಲ ಒಮ್ಮೆ ನೋಡಿದರು.

“ಅಂತೂ ನಾವು ಇಂಗ್ಲಿಷ್ ಪಾಸಾದ್ವು.”

ಇಲ್ಲ ಅನ್ನಲು ನಾನ್ಯಾರು?