ದಂತವೈದ್ಯರ ಕುರ್ಚಿಯಿಂದ ನಡೆದ ಕ್ಷೇತ್ರಕಾರ್ಯ

ನಮ್ಮ ವಿಶ್ವವಿದ್ಯಾಲಯದ ಭೂಗೋಳಶಾಸ್ತ್ರ ವಿಭಾಗಕ್ಕೆ ಕ್ಷೇತ್ರಕಾರ್ಯದ ರುಚಿ ಹತ್ತಿಸಿದವರು ಯಾರೆಂದು ಕೇಳಿದರೆ, ಫ್ಯಾನಿನ ಕೆಳಗೆ ಕುಳಿತೇ ಪದವಿ ಪಡೆಯಬಹುದೆಂಬ ಆಸೆಯಿಂದ ಬಂದ ನಾವೆಲ್ಲರೂ ಒಬ್ಬರತ್ತಲೇ ಬೊಟ್ಟು ಮಾಡುತ್ತೇವೆ. ನಕ್ಷಾಶಾಸ್ತ್ರದಲ್ಲಿ ಅವರಿಗಿರುವ ಪಾಂಡಿತ್ಯವನ್ನು ಕುರಿತು, ಅವರ ನಿವೃತ್ತಿಯ ನಿಮಿತ್ತ ಹೊರಬರುತ್ತಿರುವ ಈ ಅಭಿನಂದನಾ ಸಂಪುಟದಲ್ಲಿ ಹಿರಿಯರು ಬರೆದಿದ್ದಾರೆ. ಅವರ ವಿದ್ಯಾರ್ಥಿಯಾಗಿದ್ದು, ಈಗ ಅವರ ಪಕ್ಕದ ಕೋಣೆಯಲ್ಲೇ ಪಾಠ ಹೇಳುತ್ತಿರುವ ನಾನು, ವಿದ್ಯಾರ್ಥಿವೃಂದವು ಪ್ರೀತಿಯಿಂದಲೂ ಮೊಣಕಾಲು ನೋವಿನಿಂದಲೂ ಇಟ್ಟ ಹೆಸರಿನಿಂದಲೇ ಅವರನ್ನು ಕರೆಯುತ್ತೇನೆ: ಬೆಟ್ಟದ ಮೇಡಂ.

ಅವರು ಸೇವೆಗೆ ಸೇರಿದಾಗ ವಿಭಾಗವೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ, ಎರಡು ಬೀರು, ಅಂಟಾರ್ಕ್ಟಿಕ ಕಿತ್ತುಹೋಗಿದ್ದರಿಂದ ನೆಟ್ಟಗೆ ನಿಲ್ಲಲಾರದ ಒಂದು ಗೋಳ. ವರ್ಷಗಟ್ಟಲೆ ಕಚೇರಿಯ ಬೆನ್ನುಹತ್ತಿ ಅವರು ಒಂದು ಜಿಪಿಎಸ್ ಉಪಕರಣ ತರಿಸಿದರು. ಬೆಲೆಬಾಳುವ ವಸ್ತುವಾದ್ದರಿಂದ ಅದು ಸದಾ ಬೀರುವಿನಲ್ಲೇ ಇರತಕ್ಕದ್ದೆಂದು ಕಚೇರಿ ಸುತ್ತೋಲೆ ಹೊರಡಿಸಿತು. “ಆಕಾಶ ಕಾಣದೆ ಅದು ಕೆಲಸ ಮಾಡಲ್ಲ ಸ್ವಾಮಿ. ಬೀರುವಿನೊಳಗಿಟ್ರೆ ಬೀರು ಎಲ್ಲಿದೆ ಅನ್ನೋದೂ ಅದಕ್ಕೆ ತಿಳಿಯಲ್ಲ” ಎಂದ ಮೇಡಂ, ಬೀಗದ ಕೈಯನ್ನು ತಮ್ಮ ಕೈಚೀಲಕ್ಕೆ ಹಾಕಿಕೊಂಡರು.

ನಾವು ಅಂತಿಮ ವರ್ಷದಲ್ಲಿದ್ದಾಗ ಬೆಟ್ಟಸಾಲಿನ ಕ್ಷೇತ್ರಕಾರ್ಯಕ್ಕೆ ಹೊರಡುವ ಹೊತ್ತಿಗೆ ಮೇಡಂ ಅವರ ದವಡೆ ಹಲ್ಲು ಕೈಕೊಟ್ಟಿತು. ಕಿರಿಯ ಉಪನ್ಯಾಸಕರೊಬ್ಬರು ನಮ್ಮನ್ನು ಬಾಡಿಗೆ ವ್ಯಾನಿನಲ್ಲಿ ಕರೆದೊಯ್ದು, ಇಬ್ಬಿಬ್ಬರಂತೆ ಹಂಚಿ ಕಳುಹಿಸಿದರು. ನನ್ನ ಜೊತೆಗಾರ, ಎತ್ತರದಿಂದಾಗಿ ‘ಟವರ್’ ಎನಿಸಿಕೊಂಡ ಸಹಪಾಠಿ. ನಮ್ಮ ಪಾಲಿಗೆ ಬಂದಿದ್ದ ಜಿಪಿಎಸ್ ಬಳಸಲು ಬಾರದೆ ದಾರಿ ತಪ್ಪಿ ಅಲೆಯುತ್ತಿದ್ದಾಗ ಅವನು ಬಂಡೆಯಿಂದ ಜಾರಿ ಹಳ್ಳಕ್ಕೆ ಬಿದ್ದ. ಬಿದ್ದದ್ದು ಜಿಪಿಎಸ್ ಮೇಲೆಯೇ. ಉಪಕರಣ ಚೂರಾಯಿತು, ಕಾಲೂ ಮುರಿಯಿತು. ಪಾದ ತಣ್ಣಗಾಗಿ ನೀಲಿಗಟ್ಟತೊಡಗಿದಾಗ ನಾನು ಫೋನು ತೆಗೆದೆ. ಆ ಕಾಲದ ಫೋನು ಮಾತಾಡಿಸುತ್ತಿತ್ತೇ ಹೊರತು ದಾರಿ ತೋರಿಸುತ್ತಿರಲಿಲ್ಲ. ಉಪನ್ಯಾಸಕರಿಗೆ ಕರೆ ಹೋಗಲಿಲ್ಲ. ಕೊನೆಗೆ ಮೇಡಂಗೆ ಹೋಯಿತು.

“ಎಯ್ಯಿಯ್ಯೀಯಾ?” ಎಂದಿತು ಆ ಕಡೆಯ ಧ್ವನಿ.

ಹಲ್ಲು ಕೀಳಲು ಆಗಷ್ಟೇ ಸೂಜಿಮದ್ದು ಕೊಟ್ಟಿದ್ದರಿಂದ ಅವರ ನಾಲಿಗೆ ಮರಗಟ್ಟಿತ್ತು. ಫೋನು ದಂತವೈದ್ಯರ ಕೈಗೆ ಬಂತು. “ನಾನು ಡಾಕ್ಟರು. ಎಲ್ಲಿದ್ದೀರಿ ಅಂತ ಕೇಳ್ತಿದ್ದಾರೆ.”

“ಒಂದು ಮರದ ಹತ್ರ ಸಾರ್!”

ಮೇಡಂ ಗುಡುಗಿದ್ದು ನನಗೂ ಕೇಳಿಸಿತು. ವೈದ್ಯರೆಂದರು, “ಬೈಗುಳ ಬಿಟ್ಟು ಉಳಿದದ್ದು ಹೇಳ್ತೀನಿ. ನಿಮ್ಮ ನೆರಳು ಯಾವ ಕಡೆ ಬಿದ್ದಿದೆ?”

“ಹಳ್ಳದ ನೀರು ಹರಿಯೋ ಕಡೆಗೇ.”

“ಮಧ್ಯಾಹ್ನ ಕಳೆದಿದೆ, ಅಂದ್ರೆ ನೀರು ಪೂರ್ವಕ್ಕೆ ಹೋಗ್ತಿದೆಯಂತೆ. ತಲೆ ಮೇಲೆ ಕರೆಂಟಿನ ದೊಡ್ಡ ತಂತಿ ಇದೆಯಾ? ಅಲ್ಲೇ ಇನ್ನೊಂದು ಹಳ್ಳ ಬಂದು ಸೇರುತ್ತಾ?”

“ಎರಡೂ ಇದೆ ಸಾರ್.”

ಮೇಡಂ ತಮ್ಮದೇ ಎಕ್ಸ್-ರೇ ಲಕೋಟೆಯ ಮೇಲೆ ಬೆಟ್ಟ, ಹಳ್ಳ, ತಂತಿಗಳನ್ನು ನೆನಪಿನಿಂದಲೇ ಗೀಚಿದರೆಂದು ಆಮೇಲೆ ತಿಳಿಯಿತು. “ನೀರು ಹರಿಯೋ ಕಡೆ ಮುಖ ಮಾಡಿ. ಬಲಗಡೆ ದಿಬ್ಬ ಹತ್ತಿ. ಆಚೆ ರಸ್ತೆ ಇದೆಯಂತೆ,” ಎಂದರು ವೈದ್ಯರು. ಅವರ ದನಿಯಲ್ಲೂ ಈಗ ಕ್ಷೇತ್ರಕಾರ್ಯದ ಹುರುಪು ಬಂದಿತ್ತು. “ನಿಮ್ಮ ವ್ಯಾನಿನವನ ನಂಬರ್ ಮೇಡಂ ಹತ್ರ ಇದೆ, ಅವನಿಗೆ ನಾನೇ ಹೇಳ್ತೀನಿ. ಓಡಿ!”

ಓಡಿದೆ. ದಿಬ್ಬದಾಚೆ ರಸ್ತೆಯಿತ್ತು. ಟವರ್ ಅಷ್ಟು ಹೊತ್ತೂ ಜಲಪಾತದ ಸದ್ದೆಂದು ವಾದಿಸಿದ್ದು ಲಾರಿಗಳ ಸದ್ದಾಗಿತ್ತು. ವ್ಯಾನು ಬಂತು, ಚಾಲಕನೂ ನಾನೂ ಅವನನ್ನು ಹೊತ್ತು ದಿಬ್ಬ ದಾಟಿಸಿದೆವು. ಇನ್ನೂ ತಡವಾಗಿದ್ದರೆ ಪಾದ ಉಳಿಯುತ್ತಿರಲಿಲ್ಲವೆಂದು ಶಸ್ತ್ರವೈದ್ಯರು ಹೇಳಿದರು.

ಸಂಜೆ ಆಸ್ಪತ್ರೆಗೆ ಧಾವಿಸಿದ ಮೇಡಂ ಅವರ ಊದಿದ ಕೆನ್ನೆ ಕಂಡು ನರ್ಸ್ ಅವರನ್ನೇ ಮಲಗಿಸಲು ಹೊರಟಿದ್ದರು. ಉಪಕರಣ ಹಾಳಾಯಿತೆಂದು ಅಳುತ್ತಿದ್ದ ಟವರ್‌ನ ತಲೆ ಸವರಿ, “ಅದಕ್ಕೆ ಮತ್ತೆ ಟೆಂಡರ್ ಕರೀಬಹುದು. ಕಾಲಿಗೆ ಕರೆಯೋಕಾಗುತ್ತೇನೋ?” ಎಂದರು. ವಿವರಣೆ ಕೇಳಿದ ಕಚೇರಿಗೆ, “ಉಪಕರಣವು ಕರ್ತವ್ಯದಲ್ಲಿರುವಾಗಲೇ ಕೊನೆಯುಸಿರೆಳೆದಿದೆ, ಬೀರುವಿನಲ್ಲಿದ್ದಿದ್ದರೆ ಈ ಗೌರವ ಸಿಗುತ್ತಿರಲಿಲ್ಲ” ಎಂದು ಉತ್ತರ ಬರೆದರು. ಪ್ಲಾಸ್ಟರ್ ಬಿಚ್ಚುವವರೆಗೂ ಭಾನುವಾರಗಳಂದು ಟವರ್‌ನ ಹಾಸಿಗೆಯ ಪಕ್ಕ ಕುಳಿತು ಪಾಠ ಹೇಳಿ, ಅವನ ವರ್ಷ ಕೈತಪ್ಪದಂತೆ ನೋಡಿಕೊಂಡರು. ಅವನಿಂದು ಪ್ರವಾಹ ನಕ್ಷೆಗಳನ್ನು ರಚಿಸುವ ತಜ್ಞ.

ಮುಂದೆ ವಿಭಾಗಕ್ಕೆ ಕಂಪ್ಯೂಟರುಗಳು ಬಂದಾಗ, ತಮ್ಮ ಶಿಷ್ಯರೇ ನಡೆಸುತ್ತಿದ್ದ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಕಲಿಯಲು ಅವರು ಹಿಂಜರಿಯಲಿಲ್ಲ. ನಮಗೆ ಗೊತ್ತಿಲ್ಲದ ಪ್ರಶ್ನೆ ಕೇಳಿ ಬೆವರಿಳಿಸಲೂ ಹಿಂಜರಿಯಲಿಲ್ಲ. ಮೊನ್ನೆ ನಾನು, “ಇನ್ನು ಮುಂದೆ ನೀವಿಲ್ಲದ ವಿಭಾಗ ಹೇಗೆ ಮೇಡಂ?” ಎಂದೆ. “ನಾನು ಬರಲ್ಲ ಅಂತ ಯಾರಯ್ಯಾ ಹೇಳಿದ್ದು? ಸಂಬಳ ಬರಲ್ಲ ಅಷ್ಟೇ. ಭಾನುವಾರ ಬೆಟ್ಟಕ್ಕೆ ಹೋಗೋಣ, ಬೇಗ ಬಾ” ಎಂದರು.

ಪೂಜ್ಯರಾದ ಅವರು ನೂರ್ಕಾಲ ಬಾಳಲಿ, ಬರೆಯಲಿ, ಬೆಟ್ಟ ಹತ್ತಲಿ. ಹತ್ತುತ್ತಲೇ ಹಿಂದಿರುಗಿ ನಮ್ಮನ್ನು ಗದರಿಸುವಷ್ಟು ಉಸಿರು ಅವರಿಗೂ, ಆ ಗದರಿಕೆ ಕಿವಿಗೆ ಬೀಳುವಷ್ಟು ಸಮೀಪದಲ್ಲಿ ಏದುಸಿರು ಬಿಡುತ್ತ ಹಿಂಬಾಲಿಸುವ ಕಸುವು ನಮಗೂ ಇರಲಿ.