ತೊಳೆದ ಪಾಟಿ

ಮೊನ್ನೆ ಸಂಜೆ ನನ್ನ ಮೊಮ್ಮಗ ಮೋಹನ ಉದ್ಯಮಬಾಗದ ಕಾರ್ಖಾನೆಯಿಂದ ಬಂದವನೇ ಚೀಲವನ್ನು ಪಡಸಾಲೆಯಲ್ಲಿ ಎಸೆದು ಕೈಕಾಲು ತೊಳೆಯಲು ಹೋದ. ಅಷ್ಟರಲ್ಲಿ ಅವನ ಮಗಳು, ಇನ್ನೂ ಎರಡೇ ಹಲ್ಲಿನ ಕೂಸು, ತೆವಳುತ್ತಾ ಹೋಗಿ ಚೀಲದೊಳಗಿನ ಪಾನಾ ಎಳೆದು ಬಾಯಿಗಿಟ್ಟುಕೊಂಡಿತು. ಬೋಲ್ಟು ಬಿಗಿಯುವ ಆ ಕಬ್ಬಿಣದ ತುಂಬಾ ಎಣ್ಣೆ, ಜಿಡ್ಡು. ನಾನು ಹೌಹಾರಿ ಕಸಿದುಕೊಳ್ಳಲು ಹೋದರೆ ಮೋಹನ ಒದ್ದೆ ಕೈಯಲ್ಲೇ ಓಡಿ ಬಂದು ಚಪ್ಪಾಳೆ ತಟ್ಟಿದ.

"ನೋಡ್ರಿ ಅಜ್ಜಿ! ಎಂಜಿನಿಯರ್ ಆಗ್ತಾಳ ನನ್ನ ಮಗಳು!"

"ಮದಲ ಉಳದ ಹಲ್ಲರೆ ಬರಲೋ ಮಳ್ಳ. ಆಮ್ಯಾಲೆ ಎಂಜಿನಿಯರ್ ಮಾಡೀಯಂತ," ಎಂದು ಗದರಿದೆ. ಗದರುವುದು ನನ್ನ ಹಳೆಯ ಚಾಳಿ. ಆದರೆ ಬೆರಳಿಗಂಟಿದ ಜಿಡ್ಡು ಒರೆಸಿಕೊಳ್ಳುತ್ತಾ ಕುಳಿತಾಗ ನನ್ನಪ್ಪ ನೆನಪಾದ. ಮಕ್ಕಳು ಮುಂದೆ ಏನಾಗುತ್ತಾರೆಂದು ಕನಸು ಕಾಣುವುದರಲ್ಲಿ ಈ ಮೋಹನ ಅವನ ಮುಂದೆ ಏನೇನೂ ಅಲ್ಲ.

ಇದು ಇಪ್ಪತ್ತರ ದಶಕದ ಮಾತು. ಖಾನಾಪುರದಲ್ಲಿ ಅಪ್ಪನದೊಂದು ಕಿರಾಣಿ ಅಂಗಡಿ. ಆಗಾಗ ರೈಲು ಹತ್ತಿ ಬೆಳಗಾವಿಗೆ ಹೋಗಿ ರವಿವಾರ ಪೇಟೆಯಿಂದ ಸಾಮಾನು ತರುತ್ತಿದ್ದ. ಗಿರಾಕಿಗಳ ಜೊತೆ ಅರ್ಧ ಕನ್ನಡ, ಅರ್ಧ ಮರಾಠಿ. ಸಿಟ್ಟು ಬಂದರೆ ಮಾತ್ರ ಪೂರ್ತಿ ಕನ್ನಡ. ಹೀಗೆ ಹೋದಾಗೊಮ್ಮೆ ಬೆಳಗಾವಿ ಸ್ಟೇಷನ್ನಿನ ಹೊರಗೆ ಒಬ್ಬ ಸಾಲಿ ಬಾಯಾರನ್ನು ಕಂಡನಂತೆ. ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿಯನ್ನು ನಮ್ಮ ಕಡೆ ಕರೆಯುವುದು ಹಾಗೆ. ಆಕೆ ಕೊಡೆ ಹಿಡಿದು, ಕಾಲಿಗೆ ಚಪ್ಪಲಿ ಮೆಟ್ಟಿ, ಒಬ್ಬಳೇ ಟಾಂಗಾ ಏರಿ ಕುಳಿತು, "ನಡಿ" ಅಂದಳಂತೆ. ಟಾಂಗಾದವನು ತುಟಿಪಿಟಕ್ಕೆನ್ನದೆ ಹೊರಟನಂತೆ. ಇದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ನಮ್ಮ ಮನೆಯ ಹೆಂಗಸರು ನೀರಿಗೆ ಹೋಗುವಾಗಲೂ ಜೊತೆಗಿನ್ನೊಬ್ಬರು ಇರಬೇಕಾಗಿದ್ದ ಕಾಲ ಅದು. ಊರಿಗೆ ಮರಳಿದ ಅಪ್ಪ ತೊಟ್ಟಿಲಲ್ಲಿದ್ದ ನನ್ನನ್ನು ನೋಡಿ, "ಇಕಿ ಸಾಲಿ ಬಾಯಾರ ಆಗ್ತಾಳ," ಎಂದು ಸಾರಿಬಿಟ್ಟ. ಆಗ ನಾನು ಏನು ಮಾಡುತ್ತಿದ್ದೆನೋ, ಹೇಳಿಕೊಳ್ಳುವಂಥದ್ದೇನೂ ಇರಲಿಕ್ಕಿಲ್ಲ.

ಕನಸಿಗೆ ಕಾಸು ಬೀಳುವುದಿಲ್ಲವಲ್ಲ, ಅದು ಬೆಳೆಯಿತು. ಕನಸಿನಲ್ಲಿ ಅವನ ಮಗಳು ಬಾಯಾರು ಆದಳು, ಹೆಡ್‌ಬಾಯಾರು ಆದಳು. ಆಮೇಲೆ ಶಾಲೆಗಳ ತಪಾಸಣೆಗೆ ಬರುವ ದಿಪೋಟಿ ಸಾಹೇಬರೇ ಆದಳು. ಅಪ್ಪ ಕಡಲೆಬೇಳೆ ತೂಗುತ್ತಲೇ ಗಿರಾಕಿಗಳಿಗೆ ವರದಿ ಒಪ್ಪಿಸುತ್ತಿದ್ದ. "ದಿಪೋಟಿ ಬಾಯಾರ ಬಂದ್ರಂದ್ರ ಮಾಸ್ತರ ಮಂದಿ ಎಲ್ಲಾ ಎದ್ದು ನಿಂದರತಾರ ನೋಡ್ರಿ. ನಾ ಮಾತ್ರ ಗಾದಿ ಮ್ಯಾಲ ಕುಂತಿರ್ತೀನಿ. ಅಪ್ಪ ಅಲ್ಲೇನ್ರಿ ನಾ?" ಆ ದಿಪೋಟಿಗೆ ಆಗಿನ್ನೂ ಕುತ್ತಿಗೆ ನಿಂತಿರಲಿಲ್ಲ.

ಎಲ್ಲರೂ ನಗುತ್ತಿದ್ದರು, ನಗದವಳು ಆಯಿ ಒಬ್ಬಳೇ. ಆಯಿ ಎಂದರೆ ಅಪ್ಪನ ತಾಯಿ. ಅವಳು ಹೂಂ ಅನ್ನದೆ ನಮ್ಮ ಮನೆಯಲ್ಲಿ ಒಲೆ ಕೂಡ ಹೊತ್ತುತ್ತಿರಲಿಲ್ಲ. ಹುಡುಗಿ ದೊಡ್ಡವಳಾಗುವ ಮುಂಚೆಯೇ ಮದುವೆಯಾಗಿ ಹೋಗಬೇಕು ಎಂಬುದು ಅವಳ ಕಾಯಿದೆ. ಅವಳು ಹಾಗೆಯೇ ಬಂದವಳು, ನನ್ನವ್ವನನ್ನೂ ಹಾಗೆಯೇ ತಂದವಳು.

ನನ್ನ ಉಷ್ಟಾವಣ ಬಂತು. ಕೂಸಿಗೆ ಮೊದಲ ಅನ್ನ ತಿನ್ನಿಸುವ ಶಾಸ್ತ್ರ ಅದು. ಅಂದು ಕೂಸಿನ ಮುಂದೆ ಕೆಲವು ವಸ್ತುಗಳನ್ನು ಹರವುತ್ತಾರೆ. ಕೂಸು ತೆವಳಿ ಹೋಗಿ ಯಾವುದನ್ನು ಹಿಡಿಯುತ್ತದೋ ಅದೇ ಅದರ ಮುಂದಿನ ಬಾಳುವೆ. ಗಂಡಾದರೆ ತಕ್ಕಡಿ, ಕುಡುಗೋಲು, ಬರೆಯುವ ಪಾಟಿ. ಹೆಣ್ಣಾದರೆ ಮೊರ, ಸೂಜಿದಾರ, ಕುಂಕುಮದ ಭರಣಿ. ನನ್ನ ಮುಂದೆ ಪಾಟಿಯನ್ನೂ ಇಡಬೇಕೆಂದು ಅಪ್ಪ ಹಟ ಹಿಡಿದ.

"ಇಡು ತಮ್ಮಾ," ಎಂದಳು ಆಯಿ. "ಆದ್ರ ಕೂಸು ಹಿಡದದ್ದ ಖರೇ. ಆಮ್ಯಾಲೆ ನೀನೂ ಮಾತಾಡಬ್ಯಾಡ, ನಾನೂ ಮಾತಾಡಂಗಿಲ್ಲ."

ಅಪ್ಪ ವ್ಯಾಪಾರಿ. ದೇವರ ಮೇಲೆ ಭಾರ ಹಾಕುವ ಮುಂಚೆ ತನ್ನ ಕೈಲಾದದ್ದನ್ನು ಮಾಡಿ ಮುಗಿಸುವವನು. ಅಂಗಡಿಯ ಹಿಂದಿನ ಕೋಣೆಯಲ್ಲಿ ಪಾಟಿಯ ಕಟ್ಟಿಗೆಯ ಚೌಕಟ್ಟಿಗೆ ಬೆಲ್ಲ ತಿಕ್ಕಿ ದಿನಾ ನನ್ನ ಮುಂದೆ ಇಡತೊಡಗಿದ. ನಾನು ತೆವಳುತ್ತಾ ಹೋಗಿ ಅದನ್ನು ಚಪ್ಪರಿಸುತ್ತಿದ್ದೆನಂತೆ. ವಿದ್ಯೆಯ ರುಚಿ ನನಗೆ ಹತ್ತಿದ್ದು ಹೀಗೆ ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಶಾಸ್ತ್ರದ ದಿನ ಬೆಳಿಗ್ಗೆ ಅಪ್ಪ ಪಾಟಿಗೆ ಬೆಲ್ಲವನ್ನು ಧಾರಾಳವಾಗಿ ತಿಕ್ಕಿ ದೇವರ ಮುಂದೆ ಇಟ್ಟ. ಗುಟ್ಟು ಅವ್ವನಿಗೂ ಗೊತ್ತಿರಲಿಲ್ಲ. ಅವಳೋ ಮಹಾ ಮಡಿಯವಳು. ಪಾಟಿಗೆ ಇರುವೆ ಮುತ್ತಿದ್ದು ಕಂಡು ಬಾವಿಕಟ್ಟೆಗೆ ಒಯ್ದು, ಬೂದಿ ಹಚ್ಚಿ ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ, ಕುಂಕುಮವಿಟ್ಟು ತಂದಳು.

"ಇರಿವಿ ಹತ್ತಿದ್ವು ರೀ ಅತ್ತಿ. ಸ್ವಚ್ಛ ತೊಳದ ತಂದೀನಿ," ಎಂದು ಎಲ್ಲರೆದುರು ಹೇಳಿದಾಗ ಅಪ್ಪನ ಮುಖ ಹುಳ್ಳಗಾಯಿತು.

ನನ್ನನ್ನು ನೆಲಕ್ಕೆ ಬಿಟ್ಟರು. ಮೊರದ ಬಳಿ ಹೋದೆ. ಆಯಿಯ ಮುಖ ಅರಳಿತು. ಮೊರ ದಾಟಿದೆ. ಕುಂಕುಮದ ಭರಣಿ ಉರುಳಿಸಿದೆ. ಸೀದಾ ಹೋಗಿ ಪಾಟಿಯನ್ನು ಎರಡೂ ಕೈಯಲ್ಲಿ ಹಿಡಿದು ಚೌಕಟ್ಟಿಗೆ ಬಾಯಿ ಹಾಕಿದೆ. ಬೆಲ್ಲವೇ ಇಲ್ಲ! ಓಣಿಗೆಲ್ಲಾ ಕೇಳುವಂತೆ ಕಿರುಚಿ ಅತ್ತೆ. ಅತ್ತೆನೇ ಹೊರತು ಪಾಟಿ ಬಿಡಲಿಲ್ಲ. ಅವ್ವ ಬಿಡಿಸಲು ನೋಡಿದಳು, ಆಯಿ ನೋಡಿದಳು, ಕೊನೆಗೆ ಪಾಟಿಯ ಸಮೇತ ತೊಡೆಯ ಮೇಲೆ ಕೂರಿಸಿಕೊಂಡು ಅನ್ನ ತಿನ್ನಿಸಿದರು. ಇದ್ಯಾವುದೂ ನನಗೆ ನೆನಪಿಲ್ಲ, ಆದರೆ ಎಷ್ಟು ಸಲ ಕೇಳಿದ್ದೇನೆಂದರೆ ನೆನಪಿದೆಯೆಂದೇ ಇಟ್ಟುಕೊಳ್ಳಿ.

ಊರ ಶಾಲೆಯ ನಾಲ್ಕು ಇಯತ್ತೆಗಳನ್ನು ನಾನು ಮುಗಿಸುವ ಹೊತ್ತಿಗೆ ಆ ದಶಕವೂ ಮುಗಿಯುತ್ತಾ ಬಂದಿತ್ತು. ಮುಂದೆ ಕಲಿಯಬೇಕೆಂದರೆ ಬೆಳಗಾವಿ. ಅಲ್ಲಿ ಸೋದರಮಾವನ ಮನೆಯಿತ್ತು, ಹೆಣ್ಣುಮಕ್ಕಳ ಶಾಲೆಯಿತ್ತು. ಅಷ್ಟರಲ್ಲಿ ನಂದಗಡದಿಂದ ಒಂದು ಸಂಬಂಧ ಬಂತು. ದೊಡ್ಡ ಮನೆತನ, ಒಬ್ಬನೇ ಮಗ. ಪಡಸಾಲೆಯಲ್ಲಿ ಸೇರಿದ ಹಿರಿಯರು, "ಕಲತದ್ದ ಸಾಕು ಬಿಡ್ರಿ," ಎಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಇದು ಮಾತ್ರ ಯಾರೋ ಹೇಳಿದ್ದಲ್ಲ, ನನಗೇ ನೆನಪಿರುವುದು.

ಎಲ್ಲರೂ ಆಯಿಯ ಮುಖ ನೋಡಿದರು.

"ಉಷ್ಟಾವಣದಾಗ ಮಾತ ಆಗೇತಿ," ಎಂದಳು ಅವಳು. "ಹಿಡದದ್ದ ಖರೇ. ಹುಡಿಗಿ ಸಾಲಿಗೆ ಹೋಗ್ತಾಳ."

ಅಪ್ಪ ಕುಣಿದಾಡಬೇಕಿತ್ತು. ಬದಲಿಗೆ ತಲೆ ತಗ್ಗಿಸಿ ನಿಂತ. ಹೆತ್ತವಳ ನಂಬಿಕೆಯ ಜೊತೆ ವ್ಯಾಪಾರ ಮಾಡಿದೆನೆಂದು ಇಷ್ಟು ವರ್ಷ ಅವನ ಮನಸ್ಸನ್ನು ಕುಟುಕುತ್ತಿತ್ತೆಂದು ಕಾಣುತ್ತದೆ.

"ಅವ್ವಾ, ನಾ ಪಾಟಿಗೆ ಬೆಲ್ಲಾ ಹಚ್ಚಿದ್ನಿ," ಎಂದುಬಿಟ್ಟ.

ಅಪ್ಪನ ಪ್ರಾಮಾಣಿಕತೆಗೆ ಬಾಗಿಲ ಹಿಂದಿನಿಂದ ನಾನು ಹಾಕಿದ ಶಾಪ ಅಷ್ಟಿಷ್ಟಲ್ಲ.

ಆಯಿ ಮಗನನ್ನು ಮೇಲಿಂದ ಕೆಳಗೆ ನೋಡಿದಳು. "ನೀ ಹಚ್ಚಿದ ಬೆಲ್ಲಾ ನಿನ್ನ ಹೇಣತಿ ತೊಳದಾಳ. ಹುಡಿಗಿ ಹಿಡದದ್ದು ತೊಳದ ಪಾಟಿ. ಬೆಲ್ಲಾ ಇಲ್ಲಂತ ಗೊತ್ತಾದ ಮ್ಯಾಲೂ ಆಕಿ ಬಿಡಲಿಲ್ಲ. ಈಗ ನಾ ಹೆಂಗ ಬಿಡಸ್ಲಿ?"

ಇರುವೆ ಯಾತಕ್ಕೆ ಮುತ್ತುತ್ತವೆಂದು ಅವಳಿಗೆ ಅಂದೇ ಗೊತ್ತಾಗಿತ್ತೋ ಏನೋ. ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಆಗಲಿಲ್ಲ.

ಬೆಳಗಾವಿಗೆ ನನ್ನ ಕೈಹಿಡಿದು ರೈಲು ಹತ್ತಿಸಿದವಳೂ ಆಯಿಯೇ. ಅಪ್ಪ ಗಂಟು ಹೊತ್ತು ಹಿಂದಿನಿಂದ ಬಂದ. ಶಾಲೆಯ ಹೊಸ್ತಿಲನ್ನು ಆಯಿ ತುಳಿದದ್ದು ಅದೇ ಮೊದಲು. "ಬರ್ರಿ, ಕುಂದರ್ರಿ," ಎಂದು ಹೆಡ್‌ಬಾಯಾರು ಖುರ್ಚಿ ತೋರಿಸಿದರೂ ಅವಳು ಕೂರಲಿಲ್ಲ.

"ಇಲ್ಲಿ ಎಲ್ಲೀತನಾ ಕಲಸ್ತೀರಿ?"

"ಏಳನೇ ಇಯತ್ತೆತನಾ ರೀ."

"ಅದರ ಮುಂದ?"

"ಹೈಸ್ಕೂಲ್ ಐತ್ರಿ."

"ಅದರ ಮುಂದ?"

"ಧಾರವಾಡದಾಗ ಕಾಲೇಜ್ ಐತಿ."

"ಅದರ ಮುಂದ?"

ಹೆಡ್‌ಬಾಯಾರು ನಕ್ಕುಬಿಟ್ಟರು. "ಅದರ ಮುಂದ ನಮ್ಮ ಪೈಕಿ ಯಾರೂ ಹೋಗಿಲ್ರೀ ಆಯಿ. ಏನೈತೋ ನನಗೂ ಗೊತ್ತಿಲ್ಲ."

"ಹಂಗಾರ ಇಕಿ ಹೋಗ್ಲಿ," ಎಂದಳು ಆಯಿ. "ನೋಡಿ ಬಂದು ಹೇಳ್ತಾಳ."

ಗಂಟು ಹೊತ್ತು ನಿಂತಿದ್ದ ಅಪ್ಪ ಬಾಯಿ ತೆರೆದು ತಾಯಿಯನ್ನೇ ನೋಡುತ್ತಿದ್ದ. ಅವನ ಕನಸು ದಿಪೋಟಿ ಕಚೇರಿಯವರೆಗೆ ಬಂದು ನಿಲ್ಲುತ್ತಿತ್ತು. ಓದು ಬರಹ ಬಾರದ ಇವಳದು ನಿಲ್ಲುವ ಲಕ್ಷಣವೇ ಇರಲಿಲ್ಲ.

ಹೋದೆ. ಹೈಸ್ಕೂಲು ದಾಟಿದೆ, ಧಾರವಾಡ ದಾಟಿದೆ, ಮುಂಬಯಿಗೆ ಹೋಗಿ ಇನ್ನೊಂದು ಪದವಿ ಪಡೆದೆ. ದಿಪೋಟಿಯೂ ಆದೆ. ತಪಾಸಣೆಗೆಂದು ಖಾನಾಪುರಕ್ಕೆ ಬಂದ ದಿನ ಅಪ್ಪ ಗಾದಿಯ ಮೇಲೆ ಕುಳಿತಿರಲಿಲ್ಲ. ಮಾಸ್ತರರಿಗಿಂತ ಮುಂಚೆ ಓಡಿ ಬಂದು ಶಾಲೆಯ ಗೇಟಿನಲ್ಲಿ ನಿಂತಿದ್ದ, ಕಣ್ಣು ಒರೆಸಿಕೊಳ್ಳುತ್ತಾ. ಅಂದು ಸಂಜೆ ಆಯಿಯ ಹಾಸಿಗೆಯ ಬಳಿ ಕುಳಿತು ನೋಡಿ ಬಂದದ್ದನ್ನೆಲ್ಲಾ ಹೇಳಿದೆ. ಅವಳಿಗೆ ಕಣ್ಣು ಪೂರ್ತಿ ಮಂಜಾಗಿತ್ತು. ನನ್ನ ಕೈ ತಡವುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಗೆದ್ದೆವು ಎಂದು ನನಗೆ ಅನಿಸಿದ್ದು ಆಗಲೇ, ಪದವಿಯ ದಿನವಲ್ಲ.

ಇಷ್ಟು ಬರೆದು ಹೊರಗೆ ಬಂದರೆ ಮೋಹನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, "ಎಂಜಿನಿಯರ್ ಬಾಯಾರ, ನಮಸ್ಕಾರ್ರೀ," ಎನ್ನುತ್ತಾ ಅಂಗಳ ಸುತ್ತುತ್ತಿದ್ದ. ನನ್ನನ್ನು ಕಂಡು, ಬೈಗುಳ ಬಂತೆಂದು ತಟ್ಟನೆ ನಿಂತ.

"ಆಗ್ಲಿ, ಎಂಜಿನಿಯರ್ ಆಗ್ಲಿ," ಎಂದೆ. "ಅದರ ಮುಂದ?"