ಪ್ರೊಫೆಸರಮ್ಮ ಕೂರದ ಕುರ್ಚಿ

ಬೆಳಿಗ್ಗೆ ಪ್ರಯೋಗಾಲಯದ ಗಾಜಿನ ಕುಪ್ಪಿಗಳನ್ನು ತೊಳೆದು ಬೋರಲು ಹಾಕುವುದು ನನ್ನ ಕೆಲಸ. ಅದಕ್ಕೆ ಮಾತು ಬೇಕಿಲ್ಲ. ನನಗೂ ಅದು ಬಾರದು. ಸಕ್ಕರೆ ಕಾಯಿಲೆ ಕಣ್ಣನ್ನು ಹೇಗೆ ಕೆಡಿಸುತ್ತದೆಂಬುದನ್ನು ಅಣು ಅಣುವಾಗಿ ಬಿಡಿಸಿ ನೋಡಿದವರಲ್ಲಿ ಪ್ಲೋವ್‌ದಿವ್‌ನ ಕಣ್ಣಾಸ್ಪತ್ರೆಯ ನಮ್ಮ ಪ್ರೊಫೆಸರ್ ನೆವೆನಾ ಬೋಯಾಜಿಯೆವಾ ಅವರದು ದೊಡ್ಡ ಹೆಸರೆಂದು ಅವರ ನಿವೃತ್ತಿಗೆ ತರುತ್ತಿರುವ ಈ ಅಭಿನಂದನ ಸಂಪುಟದಲ್ಲಿ ಹಿರಿಯರೆಲ್ಲ ಬರೆದಿದ್ದಾರೆ.

ಅರ್ಧಕ್ಕೇ ಶಾಲೆ ಬಿಟ್ಟ ನನಗೆ ಅವರು ಅದನ್ನು ಕುಪ್ಪಿ ತೊಳೆಯುವ ತೊಟ್ಟಿಯ ಪಕ್ಕ ನಿಂತು ಹೇಳಿಕೊಟ್ಟರು.

"ನೋಡೇ ಮಗಳೇ, ರಕ್ತದಲ್ಲಿ ಸಕ್ಕರೆ ಏರಿದ್ರೆ ಪಾಕ ಕುಡಿದ ಬಕ್ಲಾವಾ ಮಿಠಾಯಿ ಥರ ಪ್ರೋಟೀನೆಲ್ಲ ಅಂಟಂಟು. ಕಣ್ಣಿನ ಸಣ್ಣ ನಾಳಗಳು ಕಟ್ಕೊಳ್ತವೆ. ಉಸಿರು ಸಿಗದ ಒಳಪರದೆ, 'ಹೊಸ ನಾಳ ಕಳಿಸ್ರೋ' ಅಂತ ಇನ್ನೊಂದು ಪ್ರೋಟೀನಿನ ಕೈಲಿ ಹೇಳಿ ಕಳಿಸುತ್ತೆ. ಬರೋ ನಾಳ ಹೇಗಿರುತ್ತೆ ಗೊತ್ತಾ? ನಮ್ಮ ಭಾವ ಕೂರಿಸಿದ ನೀರಿನ ನಲ್ಲಿ ಥರ. ಅವತ್ತೇ ಸೋರುತ್ತೆ!"

ಆ ಭಾವನವರೂ ಈ ಸಂಪುಟಕ್ಕೆ ಬರೆದಿದ್ದಾರೆ; ನಲ್ಲಿಯ ವಿಷಯವೊಂದು ಬಿಟ್ಟು.

ನನ್ನ ಅಮ್ಮನಿಗೂ ಸಕ್ಕರೆ ಕಾಯಿಲೆ. ಕಣ್ಣು ತೋರಿಸಲು ಹೆದರಿ ಅಡುಗೆಮನೆಯ ಬಾಗಿಲು ಹಾಕಿಕೊಂಡಾಗ ಪ್ರೊಫೆಸರಮ್ಮನವರೇ ಮನೆಗೆ ಬಂದರು. "ಬಾರಮ್ಮ, ನೋಯೋದು ಭಯಕ್ಕೆ, ಕಣ್ಣಿಗಲ್ಲ" ಎಂದು ಕೈಹಿಡಿದು ಕರೆತಂದು ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿದರು. ಅಮ್ಮ ಇಂದಿಗೂ ಸೂಜಿಗೆ ದಾರ ಪೋಣಿಸುತ್ತಾಳೆ.

ಹೂವಿನ ಹೆಸರಿನವರೆಲ್ಲ ಊರಿಗೆ ಸಿಹಿ ಹಂಚುವ ಹೂಭಾನುವಾರದ ಹಬ್ಬ ಕಳೆದ ಮೇಲೆ, ಹೂವಿನದೇ ಹೆಸರಿರುವ ನಮ್ಮ ನೆವೆನಾ ಅವರೂ ತಟ್ಟೆ ತುಂಬ ಬಕ್ಲಾವಾ ತರುವರು. ಈ ವರ್ಷ ಅವರ ಜೊತೆ ಕೆಲಸ ಮಾಡುವ ಡಾಕ್ಟರ್ ಸ್ತಾಮೆನ್ ತಡೆದರು.

"ಪ್ರೊಫೆಸರಮ್ಮ, ನಿಮಗೂ ಸಕ್ಕರೆ ಇದೆಯಲ್ಲ?"

"ಬಡಿಸೋಳೇ ತಿನ್ನದಿದ್ರೆ ಬಂದವರಿಗೆ ಅವಮಾನ ಕಣಯ್ಯ. ಬಾಯಿಮುಚ್ಚಿಕೊಂಡು ತಿನ್ನು."

"ಬಾಯಿ ಮುಚ್ಚಿ ಹೇಗೆ ತಿನ್ನಲಿ?"

ಮರುದಿನ ಪ್ರೊಫೆಸರಮ್ಮ ಗೂಟಕ್ಕೆ ನೇತುಹಾಕಿದ್ದ ಬಿಳಿ ಕೋಟಿಗೆ ನಮಸ್ಕಾರ ಹೇಳಿದರು. ಉತ್ತರ ಬಾರದಿರಲು, "ಏನಯ್ಯ ಸ್ತಾಮೆನ್, ನಿನ್ನೆಯ ಸಿಟ್ಟು ಇನ್ನೂ ಇಳಿದಿಲ್ವಾ?" ಎಂದು ಗದರಿದರು. ಸ್ತಾಮೆನ್ ಪ್ರೊಫೆಸರಮ್ಮನ ಬೆನ್ನ ಹಿಂದೆಯೇ ನಿಂತಿದ್ದರು. ಕಟ್ಟಡದ ತುಂಬ ಕಣ್ಣಿನ ಡಾಕ್ಟರುಗಳು. ಎಲ್ಲರೂ ನಕ್ಕರು, ಆಮೇಲೆ ಎಲ್ಲರೂ ನೆಲ ನೋಡಿದರು. ಕಣ್ಣಿನ ಪರೀಕ್ಷೆಯ ಮಾತೆತ್ತಿದರೆ ಪ್ರೊಫೆಸರಮ್ಮನಿಂದ ಸಿಗುವ ಉತ್ತರ ಅವರಿಗೆಲ್ಲ ಗೊತ್ತು: "ನನ್ನ ಕಣ್ಣು ನನಗೆ ಗೊತ್ತಿಲ್ವಾ?"

ಪ್ರೊಫೆಸರಮ್ಮನವರು ನೂರು ಕಾಲ ಬಾಳಲಿ, ನಿವೃತ್ತಿಯ ನಂತರವೂ ನಮ್ಮ ತೊಟ್ಟಿಯ ಪಕ್ಕ ನಿಂತು ಪಾಠ ಹೇಳಲಿ. ಈ ಸಂಪುಟದ ಕರಡಚ್ಚಿನಲ್ಲಿ ಅಕ್ಷರ ಚಿಕ್ಕದಾಯಿತೆಂದು ಅವರು ಮುದ್ರಕರನ್ನು ಈಗಾಗಲೇ ಬೈದಿದ್ದಾರೆ. ಅವರಿಗೆ ಇದನ್ನು ಓದಿ ಹೇಳುವುದು ಡಾಕ್ಟರ್ ಸ್ತಾಮೆನ್ ಅವರ ಪಾಲಿಗೆ ಬಂದಿದೆ. ಡಾಕ್ಟರೇ, ಮುಂದಿನ ಸಾಲನ್ನು ಹಾರಿಸದೆ ಓದಿ.

ಪ್ರೊಫೆಸರಮ್ಮ, ನನ್ನ ಅಮ್ಮ ಕೂತ ಕುರ್ಚಿಯಲ್ಲಿ ನೀವೂ ಒಮ್ಮೆ ಕೂತುಕೊಳ್ಳಿ.